ಹೊರೆ ಹೊತ್ತವನಿಗೂ ಪುಣ್ಯದಲ್ಲಿ ಪಾಲುಂಟೇ?

ಬೆಟ್ಟ ಹತ್ತಿ ಬಂದ ಭಕ್ತಾದಿಗಳಲ್ಲಿ ಕೆಲವರು ಕೈಕಾಲು ತೊಳೆದು ಕುಳಿತ ಮೇಲೆ ಒಂದು ಮಾತು ಕೇಳುವುದುಂಟು. ಚೀಲವನ್ನೆಲ್ಲ ಕೂಲಿಯವನೇ ಹೊತ್ತು ತಂದನಲ್ಲ, ಯಾತ್ರೆಯ ಫಲ ಪೂರ್ತಿ ತಮ್ಮದೋ, ಅವನಿಗೂ ಪಾಲು ಹೋಗುತ್ತದೋ? ನಗುತ್ತಲೇ ಕೇಳುತ್ತಾರೆ. ಪ್ರಶ್ನೆ ಮಾತ್ರ ನಗುವಂಥದ್ದಲ್ಲ.

ಈ ಪ್ರಶ್ನೆ ಕಣ್ಣೆದುರಿಗೇ ಬಂದು ನಿಲ್ಲುವುದು ಕೈಲಾಸ ಪರಿಕ್ರಮದಲ್ಲಿ. ಕೈಲಾಸವೆಂದರೆ ಪುರಾಣ ಕೇಳಿದವರ ಮನಸ್ಸಿನಲ್ಲಿ ಹೂವು, ಗಂಗೆ, ತಂಪು. ನಿಜವಾಗಿ ಅದು ಇರುವುದು ಟಿಬೆಟ್ಟಿನ ಮರುಭೂಮಿಯಂಥ ಒಣ ನೆಲದಲ್ಲಿ. ಮುಂಗಾರು ಮೋಡಗಳನ್ನು ಹಿಮಾಲಯವೇ ತಡೆದುಬಿಡುವುದರಿಂದ ಆಚೆ ಕಡೆ ಮಳೆ ಬಹಳ ಕಮ್ಮಿ. ದಾರಿಯುದ್ದಕ್ಕೂ ಕಲ್ಲು, ಧೂಳು, ಗಾಳಿ. 6,638 ಮೀಟರಿನ ಶಿಖರವನ್ನು ಯಾರೂ ಹತ್ತುವುದಿಲ್ಲ, ಸುತ್ತು ಬರುವುದಷ್ಟೇ. ಸುತ್ತು ಸುಮಾರು 52 ಕಿ.ಮೀ. ಇಲ್ಲಿಂದ ಹೋದವರಿಗೆ ಮೂರು ದಿನ ಬೇಕು. ಟಿಬೆಟ್ಟಿನವರು ಎಷ್ಟೋ ಮಂದಿ ಒಂದೇ ದಿನದಲ್ಲಿ ಮುಗಿಸುತ್ತಾರೆ. ಎರಡನೇ ದಿನ ದಾಟಬೇಕಾದ ಡೋಲ್ಮಾ ಲಾ 5,600 ಮೀಟರಿಗೂ ಮೇಲಿದೆ. ಅಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಸುಮಾರು ಅರ್ಧ. ಹತ್ತು ಹೆಜ್ಜೆ ಇಟ್ಟರೆ ನಿಲ್ಲಬೇಕು.

ಮರವಿಲ್ಲದ ಮೇಲೆ ಎಲೆಯ ಸದ್ದೂ ಇಲ್ಲ. ಗಾಳಿ ನಿಂತರೆ ಎದೆಬಡಿತ ತನಗೇ ಕೇಳುವಷ್ಟು ಮೌನ. ಆ ಮೌನದಲ್ಲಿ ಇನ್ನೊಂದು ಸದ್ದೂ ಇದೆ: ಪಕ್ಕದಲ್ಲಿ ಚೀಲ ಹೊತ್ತು ನಡೆಯುವ ಟಿಬೆಟ್ಟಿನ ಹುಡುಗನ ಉಸಿರು. ಇಲ್ಲಿನ ಬೆಟ್ಟಗಳಲ್ಲಾದರೆ ಮೈಕು, ಜಯಘೋಷ, ಅಂಗಡಿ ಗದ್ದಲದಲ್ಲಿ ಅದು ಮುಚ್ಚಿಹೋಗುತ್ತದೆ. ಅಲ್ಲಿ ಮುಚ್ಚುವುದಕ್ಕೆ ಏನೂ ಇಲ್ಲ. ಬೌದ್ಧನಾದ ಅವನಿಗೂ ಅದು ಪವಿತ್ರ ಪರ್ವತವೇ. ಅವನದೂ ಪ್ರದಕ್ಷಿಣೆಯೇ, ಬೆನ್ನ ಮೇಲೆ ಇನ್ನೊಬ್ಬರ ಗಂಟು ಅಷ್ಟೇ.

ಕೂಲಿ ಕೊಟ್ಟಾಯ್ತು, ಲೆಕ್ಕ ಚುಕ್ತಾ ಎನ್ನುವವರಿದ್ದಾರೆ. ವಯಸ್ಸಾದವರು, ಮಂಡಿನೋವಿನವರು ಹೊರಿಸದೆ ಏನು ಮಾಡಿಯಾರು? ಅದು ತಪ್ಪೂ ಅಲ್ಲ, ಆ ದುಡಿಮೆಯಿಂದಲೇ ಅವನ ಮನೆಯ ಒಲೆ ಉರಿಯುವುದು. ಆದರೂ ಶಬರಿಮಲೆಗೆ ಹೋಗುವವರು ಇರುಮುಡಿಯನ್ನು ಇನ್ನೊಬ್ಬರ ತಲೆಗೆ ಏರಿಸುವುದಿಲ್ಲ. ಎಲ್ಲವನ್ನೂ ಹೊರಲಾಗದು, ಏನನ್ನೂ ಹೊರದೆ ಹೋಗಲೂ ಆಗದು ಎಂದು ಹಿರಿಯರು ಯೋಚಿಸಿಯೇ ಇಟ್ಟಿರಬೇಕು. ಪುಣ್ಯವನ್ನು ಪ್ರಸಾದದ ಹಾಗೆ ಪಾಲು ಮಾಡಲು ಬರುವುದಿಲ್ಲ. ಆದರೆ ಪುಣ್ಯದ ಲೆಕ್ಕ ಬೇರೆ, ಋಣದ ಲೆಕ್ಕ ಬೇರೆ. ಕೂಲಿ ಸಲ್ಲುವುದು ಹೊರೆಗೆ. ಆ ಉಸಿರಿಗೆ ಬೆಲೆ ಕಟ್ಟಿದವರು ಯಾರು?

ಕೈಲಾಸಕ್ಕೆ ಹೋಗುವ ಹಾದಿಯಲ್ಲಿ, ಗಡಿಯ ಈಚೆ, ಮಾಲ್ಪಾ ಎಂಬ ಊರಿತ್ತು. 1998ರ ಆಗಸ್ಟ್‌ನಲ್ಲಿ ರಾತ್ರೋರಾತ್ರಿ ಗುಡ್ಡ ಕುಸಿದು ಸುಮಾರು 220 ಮಂದಿ ತೀರಿಕೊಂಡರು. ಅವರಲ್ಲಿ ಯಾತ್ರಿಗಳು 60. ಹೆಸರಘಟ್ಟದಲ್ಲಿ ನೃತ್ಯಗ್ರಾಮ ಕಟ್ಟಿದ ಪ್ರೊತಿಮಾ ಗೌರಿ ಅಲ್ಲೇ ಹೋದರು; ಅವರನ್ನು ಕನ್ನಡನಾಡು ಇಂದಿಗೂ ನೆನೆಯುತ್ತದೆ, ನೆನೆಯಬೇಕಾದದ್ದೇ. ಉಳಿದವರಲ್ಲಿ ಹೊರೆಯಾಳುಗಳಿದ್ದರು, ಕುದುರೆಯವರಿದ್ದರು. ಅವರಲ್ಲಿ ಒಬ್ಬನ ಹೆಸರನ್ನಾದರೂ ಹೇಳಬಲ್ಲವರು ಇಲ್ಲಿ ಎಷ್ಟು ಜನ?

2020ರಿಂದ ನಿಂತಿದ್ದ ಯಾತ್ರೆ 2025ರಲ್ಲಿ ಮತ್ತೆ ಶುರುವಾಯಿತು. ಲಿಪುಲೇಖ್ ಕಡೆಯ ದಾರಿಯಲ್ಲಿ ಈಗ ಬಹುದೂರ ವಾಹನವೇ ಹೋಗುತ್ತದೆ. ಡೋಲ್ಮಾ ಲಾ ದಾಟುವುದಕ್ಕೆ ಮಾತ್ರ ಯಾತ್ರಿಗೂ ಹೊರೆಯವನಿಗೂ ಇಂದಿಗೂ ಅದೇ ಏರು, ಅದೇ ಅರ್ಧ ಉಸಿರು. ಚೀಲ ಕೊಡುವ ಮೊದಲು, ಭಾಷೆ ಬಾರದಿದ್ದರೂ, ಕೈಸನ್ನೆಯಲ್ಲೇ ಹುಡುಗನ ಹೆಸರು ಕೇಳಿಕೊಳ್ಳುವವರಿದ್ದಾರೆ. ನೀರಿನ ಬಾಟಲಿ, ಒಂದು ಸ್ವೆಟರು ತಮ್ಮ ಹೆಗಲಿಗೇ ಇರಲಿ ಎನ್ನುತ್ತಾರೆ. ಮೇಲೆ ಬಣ್ಣದ ಪತಾಕೆಗಳ ಹತ್ತಿರ ಕೂತಾಗ ಗಂಟಿನಲ್ಲಿದ್ದ ಒಣದ್ರಾಕ್ಷಿಯನ್ನು ಮೊದಲು ಅವನ ಕೈಗೆ ಹಾಕುತ್ತಾರೆ.