ಒಲ್ಲದ ತುತ್ತು: ಅರುಚಿ, ವ್ರತ ಮತ್ತು ನೆತ್ತರಿನ ಕಬ್ಬಿಣ

ಬಡಿಸಿಟ್ಟ ಊಟವನ್ನು ಮನುಷ್ಯ ಬೇಡವೆನ್ನುವುದು ಎರಡು ಬಗೆಯಲ್ಲಿ. ತಿನ್ನುವ ಆಸೆಯೂ ಅರಗಿಸಿಕೊಳ್ಳುವ ಶಕ್ತಿಯೂ ಇದ್ದು, ದೇವರ ಹೆಸರಿನಲ್ಲಿಯೋ ಅಹಿಂಸೆಯ ಹೆಸರಿನಲ್ಲಿಯೋ ಅದನ್ನು ಬಿಡುವವನು ಒಬ್ಬ. ಅವನ ಬಿಡುವಿಕೆಗೆ ವ್ರತವೆಂಬ ಗೌರವದ ಹೆಸರಿದೆ. ಸೊಪ್ಪಿನ ನಾರು ನಾಲಿಗೆಗೆ ತಾಗಿದ ಕೂಡಲೇ ಓಕರಿಕೆ ಬಂದಂತಾಗಿ, ಸಾರಿನಿಂದ ಅದನ್ನು ಹೆಕ್ಕಿ ತಟ್ಟೆಯ ಅಂಚಿಗೆ ಇಡುವವನು ಇನ್ನೊಬ್ಬ. ವೈದ್ಯಗ್ರಂಥಗಳಲ್ಲಿ ಇದು ಅರುಚಿ ಅಥವಾ ಅರೋಚಕ, ಎಂದರೆ ಆಹಾರ ಬಾಯಿಗೆ ಹಿಡಿಸದಿರುವ ಸ್ಥಿತಿ, ಆದರೆ ಮನೆಮಂದಿಯ ಮಾತಿನಲ್ಲಿ ಹಟ, ಕೊಬ್ಬು, ನಾಲಿಗೆಚಪಲ. ಮೊದಲನೆಯವನ ಕುರಿತು ಧರ್ಮಶಾಸ್ತ್ರಗಳು ಧಾರಾಳವಾಗಿ ವಿಚಾರ ಮಾಡಿವೆ. ಎರಡನೆಯವನ ವಿಚಾರ ಬಹುಮಟ್ಟಿಗೆ ಅಡುಗೆಮನೆಯ ಗದರಿಕೆಯಲ್ಲಿಯೇ ಇತ್ಯರ್ಥವಾಗಿಬಿಟ್ಟಿದೆ. ನೆತ್ತರಿಗೆ ಬೇಕಾದ ಕಬ್ಬಿಣದ ಅಂಶ ಸಾಲದೆ ದೇಹ ಸೊರಗುತ್ತಿರುವಾಗಲೂ ಆ ಅಂಶವಿರುವ ಆಹಾರವನ್ನು ಒಲ್ಲೆನೆನ್ನುವವನು ತನ್ನ ಸ್ಥಿತಿಗೆ ತಾನೇ ಹೊಣೆಯೇ, ಅಥವಾ ಒಲ್ಲೆನೆನ್ನುವ ಆ ಮನಸ್ಸೇ ಕೊರತೆಯ ಫಲವೇ ಎಂಬುದು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳಂಥ, ರಾಗಿಯೂ ಸೊಪ್ಪೂ ಕಾಳೂ ಬೆಳೆಯುವ ಸೀಮೆಯಲ್ಲಿ ಇನ್ನಷ್ಟು ತೀಕ್ಷ್ಣವಾಗಿ ಎದುರಾಗುವ ಪ್ರಶ್ನೆ.

ಪ್ರಶ್ನೆ ಕೇವಲ ತಾತ್ವಿಕವಲ್ಲವೆಂಬುದಕ್ಕೆ ಅಂಕಿಗಳಿವೆ. 2019ರಿಂದ 2021ರ ನಡುವೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ, ಐದು ವರ್ಷದೊಳಗಿನ ಮಕ್ಕಳಲ್ಲಿ ಮೂರನೆಯ ಎರಡು ಪಾಲಿನಷ್ಟಕ್ಕೆ ರಕ್ತಹೀನತೆಯಿತ್ತು. ಇದೆಲ್ಲವೂ ಕಬ್ಬಿಣದ ಕೊರತೆಯಿಂದಲೇ ಬಂದುದಲ್ಲವಾದರೂ ಅದರ ಪಾಲು ದೊಡ್ಡದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಪರಿಷ್ಕರಿಸಿದ ಶಿಫಾರಸಿನಂತೆ ವಯಸ್ಕ ಗಂಡಸಿಗೆ ದಿನಕ್ಕೆ 19 ಮಿಲಿಗ್ರಾಂ, ಮುಟ್ಟಾಗುವ ವಯಸ್ಸಿನ ಹೆಂಗಸಿಗೆ 29 ಮಿಲಿಗ್ರಾಂ ಕಬ್ಬಿಣ ಬೇಕು. ನೂರು ಗ್ರಾಂ ರಾಗಿಯಲ್ಲಿರುವುದು ಸುಮಾರು 4.5 ಮಿಲಿಗ್ರಾಂ, ಅಷ್ಟೇ ತೂಕದ ಹುರುಳಿಯಲ್ಲಿ ಅದರ ಹೆಚ್ಚುಕಡಿಮೆ ಎರಡರಷ್ಟು, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಒಂದು ಮಿಲಿಗ್ರಾಮಿಗೂ ಕಡಿಮೆ. ಈ ಲೆಕ್ಕ ಹಾಕಿದವರಿಗೆ ಮೊದಲು ಹೊಳೆಯಬೇಕಾದದ್ದು, 29 ಮಿಲಿಗ್ರಾಂ ಎಂಬುದು ಏನನ್ನೂ ಆರಿಸಿ ಬಿಡದೆ ಉಣ್ಣುವವಳಿಗೂ ಸುಲಭದ ಗುರಿಯಲ್ಲ ಎಂಬುದು. ಮುದ್ದೆ ಒಲ್ಲದೆ, ಸೊಪ್ಪು ಒಲ್ಲದೆ, ಅನ್ನ ತಿಳಿಸಾರಿನಲ್ಲಿ ಊಟ ಮುಗಿಸುವವಳ ಪಾಡು ಹೇಳಬೇಕಾಗಿಲ್ಲ.

ತಟ್ಟೆಯಲ್ಲಿರುವುದೆಲ್ಲ ನೆತ್ತರಿಗೆ ಸೇರುವುದೂ ಇಲ್ಲ. ಮಾಂಸ, ಮೀನು, ಈಲಿಗಳಲ್ಲಿರುವ ಕಬ್ಬಿಣದ ಒಂದು ಭಾಗ ರಕ್ತದ ವರ್ಣದ್ರವ್ಯಕ್ಕೆ ಅಂಟಿಕೊಂಡಿರುವ ಹೀಮ್ ರೂಪದಲ್ಲಿದ್ದು ಕರುಳಿಗೆ ಸಲೀಸಾಗಿ ಒಗ್ಗುತ್ತದೆ. ಕಾಳು, ಸೊಪ್ಪು, ಧಾನ್ಯಗಳದ್ದು ಹಾಗಲ್ಲದ ರೂಪದ್ದಾದುದರಿಂದ ಅದರಲ್ಲಿ ಅಲ್ಪಾಂಶ ಮಾತ್ರ ದೇಹಕ್ಕೆ ದಕ್ಕುತ್ತದೆ. ಕಾಳುಕಡಿಗಳಲ್ಲಿರುವ ಫೈಟೇಟ್ ಎಂಬ ರಂಜಕದ ಸಂಯುಕ್ತ, ಕಾಫಿ ಚಹಾಗಳಲ್ಲಿರುವ ಒಗರಿನ ವಸ್ತುಗಳು ಅದನ್ನು ಕಟ್ಟಿಹಾಕಿದರೆ, ನಿಂಬೆ, ನೆಲ್ಲಿ, ಸೀಬೆಗಳ ಸಿ ಜೀವಸತ್ವ ಬಿಡಿಸಿಕೊಡುತ್ತದೆ. ರಾಗಿಯನ್ನು ಮೊಳಕೆ ಕಟ್ಟಿಸಿ, ಒಣಗಿಸಿ, ಹುರಿದು ಹಿಟ್ಟು ಮಾಡಿದರೆ ಫೈಟೇಟ್ ಕುಗ್ಗುತ್ತದೆ. ಈ ಸೀಮೆಯ ಬಸ್ಸಾರನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕು: ಸೊಪ್ಪನ್ನೂ ಕಾಳನ್ನೂ ಬೇಯಿಸಿ, ಬೆಂದ ನೀರನ್ನು ಬಸಿದು, ಆ ನೀರಿಗೇ ಖಾರ ರುಬ್ಬಿ ಹಾಕಿ ಸಾರು ಮಾಡಿ, ಬಸಿದುಳಿದುದಕ್ಕೆ ಒಗ್ಗರಣೆ ಕೊಟ್ಟು ಪಲ್ಯ ಮಾಡುವ ಈ ಕ್ರಮದಲ್ಲಿ ಸೊಪ್ಪಿನ ಸಾರ ಚೆಲ್ಲಿಹೋಗುವುದಿಲ್ಲ, ಪಲ್ಯವನ್ನು ಮುಟ್ಟದ ಮಗುವಿಗೂ ಸಾರಿನ ಮೂಲಕ ಅದರಲ್ಲೊಂದು ಪಾಲು ತಲುಪುತ್ತದೆ. ಮಸ್ಸೊಪ್ಪಿನಲ್ಲಂತೂ ಎಲೆಯ ಆಕಾರವೇ ಅಳಿದುಹೋಗುವುದರಿಂದ ಹೆಕ್ಕಿ ಎಸೆಯಲು ಏನೂ ಉಳಿಯದು. ಹೊಲದ ಬದುಗಳಲ್ಲಿ ಕೊಯ್ದು ತರುವ ಅಣ್ಣೆ, ಹೊನಗೊನ್ನೆ ಮೊದಲಾದ ಬೆರಕೆ ಸೊಪ್ಪಿಗೆ ಇಂಥ ಅಡುಗೆಗಳಲ್ಲಿ ಎಂದಿನಿಂದಲೂ ಸ್ಥಾನವಿದೆ. ಹುಣಸೂರು, ಪಿರಿಯಾಪಟ್ಟಣಗಳಿಗೆ ಈಗ ಹೆಸರು ತಂದಿರುವ ಸೊಪ್ಪು ಮಾತ್ರ ಮಡಕೆಗೆ ಬೀಳದೆ ಹೊಗೆಬ್ಯಾರನ್ನಿಗೆ ಹೋಗುವ ಹೊಗೆಸೊಪ್ಪು.

ಒಲ್ಲೆನೆನ್ನುವ ಮನಸ್ಸು ಎಲ್ಲಿಂದ ಬಂತೆಂಬ ಪ್ರಶ್ನೆಗೆ ಭಾರತೀಯ ಚಿಂತನೆಯಲ್ಲಿ ಬಹು ಹಳೆಯ ಉತ್ತರವೊಂದಿದೆ. ಛಾಂದೋಗ್ಯ ಉಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಉದ್ದಾಲಕ ಆರುಣಿಯು ಮಗ ಶ್ವೇತಕೇತುವಿಗೆ, ಉಂಡ ಅನ್ನದ ಸ್ಥೂಲಭಾಗ ಮಲವಾಗಿ, ನಡುವಣ ಭಾಗ ಮಾಂಸವಾಗಿ, ಅತಿಸೂಕ್ಷ್ಮವಾದ ಭಾಗ ಮನಸ್ಸಾಗಿ ಪರಿಣಮಿಸುತ್ತದೆಂದು ಹೇಳಿ, ಬರಿಯ ಮಾತಿನಿಂದ ಇದು ಮನದಟ್ಟಾಗದೆಂದು 15 ದಿನ ಊಟ ಬಿಡಿಸುತ್ತಾನೆ. ನೀರನ್ನಷ್ಟೇ ಕುಡಿದುಕೊಂಡಿದ್ದ ಮಗನಿಗೆ ಕಲಿತ ವೇದ ನೆನಪಿಗೆ ಬರುವುದಿಲ್ಲ. ಉಂಡು ಬಂದ ಮೇಲೆ ಕೇಳಿದ್ದೆಲ್ಲ ಒದಗುತ್ತದೆ. ಈ ಪ್ರಸಂಗವನ್ನು ಸಾಮಾನ್ಯವಾಗಿ ನೆನಪಿನ ಶಕ್ತಿಯ ಮಟ್ಟಿಗೆ ಓದಲಾಗುತ್ತದೆ, ಆದರೆ ಅದರ ತರ್ಕ ಅಲ್ಲಿಗೆ ನಿಲ್ಲುವಂಥದಲ್ಲ. ಮನಸ್ಸು ಅನ್ನಮಯವೆಂದಾದರೆ ಇಚ್ಛೆ, ಹಸಿವು, ಜುಗುಪ್ಸೆಗಳೂ ಅನ್ನಮಯವೇ ಆಗಬೇಕು. ಅನ್ನವನ್ನು ನಿರಾಕರಿಸುವ ಮನಸ್ಸು ಅನ್ನದ ಹೊರಗೆ ನಿಂತು ತೀರ್ಪು ಕೊಡುವ ನ್ಯಾಯಾಧೀಶನಾಗಲಾರದು.

ಆಯುರ್ವೇದ ಇದೇ ಸಂಗತಿಯನ್ನು ರೋಗಲಕ್ಷಣದ ಭಾಷೆಯಲ್ಲಿ ಗುರುತಿಸಿದೆ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ವಿವರಿಸಿರುವ ಪಾಂಡುರೋಗ, ಎಂದರೆ ಮೈ ಬಿಳಿಚಿಕೊಳ್ಳುವ ರೋಗ, ಇಂದಿನ ರಕ್ತಹೀನತೆಗೆ ಪೂರ್ತಿ ಸಮವಲ್ಲದಿದ್ದರೂ ಅದರ ಹತ್ತಿರದ್ದು. ಅದರ ಲಕ್ಷಣಗಳ ಸಾಲಿನಲ್ಲಿ ದೌರ್ಬಲ್ಯ, ತಲೆಸುತ್ತುಗಳೊಡನೆ ಅನ್ನದ್ವೇಷವೂ ಸೇರಿದೆ, ಅದರ ಐದು ಬಗೆಗಳಲ್ಲಿ ಒಂದು ಮಣ್ಣು ತಿನ್ನುವುದರಿಂದ ಬರುವಂಥದು, ಔಷಧಗಳಲ್ಲಿ ಕಬ್ಬಿಣವನ್ನೂ ಕಬ್ಬಿಣದ ಕಿಟ್ಟವಾದ ಮಂಡೂರವನ್ನೂ ಬಳಸಿ ಮಾಡುವ ಯೋಗಗಳಿವೆ. ಕಬ್ಬಿಣ ಸಾಲದ ದೇಹದಲ್ಲಿ ಹಸಿವು ಕುಂದುವುದನ್ನೂ, ಮಣ್ಣು, ಸೀಮೆಸುಣ್ಣ, ಹಸಿ ಅಕ್ಕಿಗಳನ್ನು ತಿನ್ನುವ ಚಪಲ ಹುಟ್ಟುವುದನ್ನೂ ಇಂದಿನ ವೈದ್ಯವೂ ಗುರುತಿಸಿದೆ. ಹೀಗೆ ಉಣ್ಣದಿರುವುದರಿಂದ ಕೊರತೆ, ಕೊರತೆಯಿಂದ ಉಣ್ಣಲಾಗದಿರುವುದು ಎಂಬ ಸುತ್ತು ಏರ್ಪಡುತ್ತದೆ. ಈ ಸುತ್ತಿನೊಳಗೆ ಸಿಕ್ಕಿದವನಿಗೆ ಮನಸ್ಸು ಗಟ್ಟಿ ಮಾಡಿಕೊ ಎಂದು ಉಪದೇಶಿಸುವುದು, ಯಾವುದು ಸೊರಗಿದೆಯೋ ಅದರಿಂದಲೇ ಸಾಲ ಕೇಳಿದಂತೆ.

ಅರುಚಿಯೆಲ್ಲ ಕೊರತೆಯಿಂದಲೇ ಹುಟ್ಟುತ್ತದೆಂದು ಇದರಿಂದ ತೀರ್ಮಾನಿಸಲಾಗದು. ಎರಡರಿಂದ ಆರು ವರ್ಷದ ಮಕ್ಕಳು ಹೊಸ ತಿನಿಸಿಗೆ ಹೆದರುವುದು ಬೆಳವಣಿಗೆಯ ಒಂದು ಹಂತ. ಕಹಿಯನ್ನು ಹೆಚ್ಚು ತೀವ್ರವಾಗಿ ಅರಿಯುವ ನಾಲಿಗೆ ಕೆಲವರಿಗೆ ವಂಶದಿಂದ ಬರುತ್ತದೆ. ಆಹಾರದ ಸ್ಪರ್ಶ, ವಾಸನೆಗಳನ್ನೇ ತಾಳಲಾರದೆ ದೇಹ ಸೊರಗುವಷ್ಟರ ಮಟ್ಟಿಗೆ ತಿನಿಸು ಬಿಡುವ ಸ್ಥಿತಿಯನ್ನು ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಪ್ರತ್ಯೇಕ ವ್ಯಾಧಿಯೆಂದು ತನ್ನ ಕೈಪಿಡಿಗೆ ಸೇರಿಸಿತು. ಅರೋಚಕವನ್ನು ಐದು ಬಗೆಯಾಗಿ ವಿಂಗಡಿಸಿದ ಹಳೆಯ ವೈದ್ಯರು ಅದರಲ್ಲೊಂದನ್ನು ಶೋಕ, ಭಯ, ಕ್ರೋಧ, ಅಹಿತವಾದ ವಾಸನೆಗಳಿಂದ ಹುಟ್ಟುವ ಮಾನಸಿಕ ಅರುಚಿಯೆಂದು ಬಿಡಿಸಿಟ್ಟಿದ್ದರು. ಚರಕ ಹೇಳುವ ಚಿಕಿತ್ಸೆಯಲ್ಲಿ ಮನಸ್ಸಿಗೊಪ್ಪುವ ಅನ್ನಪಾನ, ಸಂತೋಷಪಡಿಸುವುದು, ಧೈರ್ಯ ತುಂಬುವುದು ಇವೆ. ಬಯ್ಯುವುದಾಗಲಿ ಬಾಯಿಗೆ ತುರುಕುವುದಾಗಲಿ ಇಲ್ಲ. ರೂಢಿಯನ್ನು ಬದಲಿಸಲು ಆತ ಸೂಚಿಸುವ ಕ್ರಮಕ್ಕೆ ಪಾದಾಂಶಿಕವೆಂದು ಹೆಸರು: ಹಿತವಲ್ಲದ ಅಭ್ಯಾಸವನ್ನು ಕಾಲುಭಾಗದಷ್ಟು ಬಿಟ್ಟು, ಆ ಜಾಗಕ್ಕೆ ಹಿತವಾದುದನ್ನು ಕಾಲುಭಾಗ ತಂದು, ನಡುವೆ ದಿನಗಳ ಬಿಡುವು ಕೊಡುತ್ತ ಮುಂದುವರಿಯುವುದು. ಅಕ್ಕಿರೊಟ್ಟಿಯ ಹಿಟ್ಟಿಗೆ ಮೊದಲು ಕಾಲುಭಾಗ ರಾಗಿಹಿಟ್ಟನ್ನು, ಆಮೇಲೆ ಸಣ್ಣಗೆ ಹೆಚ್ಚಿದ ನುಗ್ಗೆಸೊಪ್ಪನ್ನು ಸೇರಿಸುವ ತಾಯಿ ಗ್ರಂಥ ನೋಡದೆಯೇ ಇದನ್ನು ಆಚರಿಸುತ್ತಾಳೆ.

ಆದರೂ ಅನ್ನವನ್ನು ನಿಂದಿಸಬಾರದು, ಅನ್ನವನ್ನು ತಳ್ಳಿಬಿಡಬಾರದು ಎಂದು ತೈತ್ತಿರೀಯ ಉಪನಿಷತ್ತಿನ ಭೃಗುವಲ್ಲಿ ವಿಧಿಸಿದೆಯಲ್ಲ ಎಂಬ ಆಕ್ಷೇಪ ಬರುತ್ತದೆ, ಬರಬೇಕಾದದ್ದೇ. ಆ ವಿಧಿಗಳನ್ನು ಮಕ್ಕಳ ಮೇಲೆ ಪ್ರಯೋಗಿಸುವವರು ಅದೇ ಉಸಿರಿನಲ್ಲಿ ಬರುವ ಮುಂದಿನ ಎರಡನ್ನು ಮರೆಯುತ್ತಾರೆ: ಅನ್ನವನ್ನು ಹೆಚ್ಚಿಸಬೇಕು, ಮನೆಗೆ ಬಂದ ಯಾರನ್ನೂ ಹಿಂದಕ್ಕೆ ಕಳಿಸಬಾರದು. ಇವು ಉಣ್ಣುವವನಿಗಿಂತ ಹೆಚ್ಚಾಗಿ ಉಣಿಸುವ ಗೃಹಸ್ಥನ ವ್ರತಗಳು. ನಾಲ್ಕನ್ನೂ ಒಟ್ಟಿಗೆ ಓದಿದಾಗ ಮೊದಲಿನೆರಡು ಕೂಡ ಕೊಡುವವನ ಕಡೆಗೇ ತಿರುಗುತ್ತವೆ. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯವೂ ಸಾತ್ತ್ವಿಕ ಆಹಾರದ ಲಕ್ಷಣಗಳನ್ನು ಹೇಳುವಾಗ ಆಯುಷ್ಯ, ಬಲ, ಆರೋಗ್ಯಗಳನ್ನು ಹೆಚ್ಚಿಸುವುದರ ಜೊತೆಗೆ ರಸವತ್ತಾಗಿರುವುದನ್ನೂ ಮನಸ್ಸಿಗೆ ಹಿಡಿಸುವುದನ್ನೂ ಸೇರಿಸಿದೆ. ಹಿಡಿಸದ ಊಟ ಎಷ್ಟೇ ಶುದ್ಧವಾಗಿದ್ದರೂ ಗೀತೆಯ ಅಳತೆಯಲ್ಲಿ ಒಂದು ಅಂಶ ಕಡಿಮೆ.

ಶುದ್ಧಿಯ ಪ್ರಶ್ನೆಯನ್ನು ಕೆ.ಆರ್. ನಗರದ ಆಚೆಗಿನ ಸಾಲಿಗ್ರಾಮವನ್ನು ಬಿಟ್ಟು ಮಾತಾಡಲಾಗದು, ಏಕೆಂದರೆ ಸಂಪ್ರದಾಯದಂತೆ ಅದು ರಾಮಾನುಜರು ತಂಗಿದ, ಅವರ ಶಿಷ್ಯ ವಡುಗನಂಬಿಯ ಊರು. ಆಹಾರಶುದ್ಧಿಯಿಂದ ಚಿತ್ತಶುದ್ಧಿ ಎಂಬ ಛಾಂದೋಗ್ಯದ ಮಾತಿಗೆ ಶಂಕರರು ಇಂದ್ರಿಯಗಳು ಒಳಗೆ ತಂದುಕೊಳ್ಳುವ ವಿಷಯಗಳೆಲ್ಲ ಆಹಾರವೇ ಎಂದು ಅರ್ಥ ಹೇಳಿದರೆ, ರಾಮಾನುಜರ ಪರಂಪರೆ ತಿನ್ನುವ ಅನ್ನವನ್ನೇ ಹಿಡಿದು ಜಾತಿ, ಆಶ್ರಯ, ನಿಮಿತ್ತ ಎಂಬ ಮೂರು ದೋಷಗಳನ್ನು, ಎಂದರೆ ಪದಾರ್ಥದ ಸ್ವಭಾವದಿಂದ, ಅದು ಯಾರಿಂದ ಬಂತೆಂಬುದರಿಂದ, ಕೂದಲು ಕಸಗಳಂಥ ಕಾರಣಗಳಿಂದ ಬರುವ ದೋಷಗಳನ್ನು ಎಣಿಸಿತು. ಆಶ್ರಯದೋಷ ಪಂಕ್ತಿಭೇದಕ್ಕೆ ಆಸರೆಯಾದದ್ದು ಬೇರೆಯೇ ದುಃಖದ ಕಥೆ. ಇಲ್ಲಿ ಗಮನಿಸಬೇಕಾದದ್ದು, ರಾಮಾನುಜರ ಶ್ರೀಭಾಷ್ಯದಲ್ಲಿ ಈ ಆಹಾರವಿವೇಕ ಒಂಟಿಯಾಗಿ ಬರದೆ ಏಳು ಸಾಧನಗಳ ಸಾಲಿನಲ್ಲಿ ಬರುತ್ತದೆ, ಆ ಸಾಲಿನಲ್ಲಿಯೇ ಅನವಸಾದ, ಎಂದರೆ ಮನಸ್ಸು ಕುಗ್ಗಿ ಕಾಂತಿಗೆಡದಿರುವುದು, ಇನ್ನೊಂದು ಸಾಧನ; ಬಲವಿಲ್ಲದವನಿಗೆ ಆತ್ಮ ದಕ್ಕದೆಂಬ ಮುಂಡಕೋಪನಿಷತ್ತಿನ ಮಾತನ್ನು ಅದಕ್ಕೆ ಪ್ರಮಾಣವಾಗಿ ಕೊಡಲಾಗಿದೆ. ಶುದ್ಧಿಗಾಗಿ ಬಲವನ್ನು ಬಿಟ್ಟುಕೊಡುವ ಸಾಧಕ ಆ ಪಟ್ಟಿಯ ಒಂದನ್ನು ಹಿಡಿದು ಇನ್ನೊಂದನ್ನು ಕಳೆದುಕೊಳ್ಳುತ್ತಾನೆ.

ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2010ರಲ್ಲಿ ಪ್ರಕಟಿಸಿದ ಪ್ರಯೋಗಗಳು ಈ ಚರ್ಚೆಗೆ ವಿಚಿತ್ರವಾದ ತಿರುವು ಕೊಡುತ್ತವೆ. ಪ್ರಯೋಗಾಲಯದ ನಳಿಕೆಯಲ್ಲಿ ಜೀರ್ಣಕ್ರಿಯೆಯನ್ನು ಅನುಕರಿಸಿ ನೋಡಿದಾಗ, ಧಾನ್ಯ ಮತ್ತು ಬೇಳೆಗಳ ಕಬ್ಬಿಣವನ್ನು ಬಿಡಿಸಿಕೊಡುವ ಗುಣ ಈರುಳ್ಳಿಯಲ್ಲೂ ಬೆಳ್ಳುಳ್ಳಿಯಲ್ಲೂ ಕಂಡಿತು. ತಾಮಸವೆಂದು ಮಡಿಯ ಅಡುಗೆಯಿಂದ ಹೊರಗುಳಿದದ್ದೇ ಸಸ್ಯಾಹಾರಿಗೆ ನೆರವಾಗುವ ಪದಾರ್ಥವೆನ್ನಿಸಿಕೊಂಡಿತು. ಗೀತೆ ಇವೆರಡರ ಹೆಸರನ್ನೇ ಎತ್ತಿಲ್ಲವೆಂಬುದನ್ನೂ ಹೇಳಬೇಕು. ಆದರೆ ಇದರಿಂದ ವ್ರತ ಮುರಿಯಬೇಕೆಂದೇನೂ ಆಗುವುದಿಲ್ಲ, ನಿಂಬೆಹುಳಿಗೂ ನೆಲ್ಲಿಕಾಯಿಗೂ ಅದೇ ಶಕ್ತಿಯಿದೆ, ಅವು ಯಾವ ಮಡಿಗೂ ಅಡ್ಡಿಯಲ್ಲ. ಶಾಲೆಯ ಬಿಸಿಯೂಟದಲ್ಲಿ ಮೊಟ್ಟೆ ಕೊಡುವ ಬಗ್ಗೆ 2021ರ ಕೊನೆಯಲ್ಲಿ ಕರ್ನಾಟಕದಲ್ಲಿ ಎದ್ದ ವಿವಾದದಲ್ಲಿಯೂ ಧರ್ಮದ ಮಾತು ಬಹಳ ಕೇಳಿಸಿತು, ನೆತ್ತರಿನ ಮಾತು ಕಡಿಮೆ. ಮೊಟ್ಟೆ ಒಳ್ಳೆಯ ಪ್ರೋಟೀನಿನ ಆಹಾರ, ಬಡ ಮಗುವಿಗೆ ಅದನ್ನು ತಪ್ಪಿಸುವುದಕ್ಕೆ ಬಲವಾದ ಕಾರಣವಿಲ್ಲ; ಆದರೆ ಒಂದು ಮೊಟ್ಟೆಯಲ್ಲಿರುವ ಕಬ್ಬಿಣ ಒಂದು ಮಿಲಿಗ್ರಾಮಿನ ಆಸುಪಾಸಿನದು, ಅದೂ ಸುಲಭವಾಗಿ ದಕ್ಕದು ಎಂಬುದು ಎರಡೂ ಪಕ್ಷದ ವಾದಗಳಲ್ಲಿ ಅಪರೂಪವಾಗಿತ್ತು.

ಜೈನಧರ್ಮದ ಆರು ಬಾಹ್ಯ ತಪಸ್ಸುಗಳಲ್ಲಿ ರಸಪರಿತ್ಯಾಗವೆಂಬುದು ಒಂದು: ತುಪ್ಪ, ಹಾಲು, ಸಿಹಿ, ಉಪ್ಪುಗಳಂಥ ಇಷ್ಟವಾದ ರಸಗಳನ್ನು ತಿಳಿದು ಬಿಡುವುದು. ಹುಣಸೂರು ತಾಲ್ಲೂಕಿನ ಜೈನಕ್ಷೇತ್ರ ಗೊಮ್ಮಟಗಿರಿಗೆ ಬರುವ ಮುನಿ ಬಿಡುವುದು ಪ್ರಿಯವಾದುದನ್ನು, ಅರುಚಿಯವನು ಬಿಡುವುದು ಅಪ್ರಿಯವಾದುದನ್ನು. ಆದ್ದರಿಂದ ಎರಡನೆಯವನಿಗೆ ಪುಣ್ಯ ಕೇಳುವ ಹಕ್ಕಿಲ್ಲ, ಅಷ್ಟೇ ಖಚಿತವಾಗಿ ಅವನ ಮೇಲೆ ಪಾಪ ಹೊರಿಸುವಂತೆಯೂ ಇಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1961ರಿಂದ ನೆಲೆಸಿರುವ ಟಿಬೆಟನ್ನರ ಬೌದ್ಧಧರ್ಮವನ್ನು ನೋಡಿದರೂ ಇಂಥದೇ ವಿವೇಕ ಕಾಣುತ್ತದೆ. ಪಾತ್ರೆಗೆ ಬಿದ್ದುದನ್ನು ಉಣ್ಣಬೇಕು, ಇಂಥದೇ ಬೇಕೆಂದು ಕೇಳಬಾರದು ಎಂದು ಭಿಕ್ಷುವಿಗೆ ವಿಧಿಸುವ ವಿನಯ ನಿಯಮಗಳು, ಕಾಯಿಲೆಯವನಿಗೆ ಮಾತ್ರ ಕೇಳಿ ಪಡೆಯುವ ಅವಕಾಶವನ್ನು ಉಳಿಸಿವೆ. ಇಸ್ಲಾಮಿನ ಹದೀಸುಗಳಲ್ಲಿ ಪ್ರವಾದಿಯು ಉಡವನ್ನು ಹೋಲುವ ಪ್ರಾಣಿಯೊಂದರ ಮಾಂಸವನ್ನು ತಮ್ಮ ನಾಡಿನದಲ್ಲವಾದ್ದರಿಂದ ಒಗ್ಗದೆಂದು ಬಿಟ್ಟರೂ, ಅದೇ ಊಟದಲ್ಲಿ ಇತರರು ಅದನ್ನು ತಿನ್ನುವುದನ್ನು ತಡೆಯಲಿಲ್ಲವೆಂಬ ಪ್ರಸಂಗವಿದೆ. ಒಗ್ಗದಿರುವುದು ಬೇರೆ, ನಿಷೇಧ ಬೇರೆ. ಶರಣರು ಈ ವಿಚಾರದಲ್ಲಿ ಇನ್ನೂ ಒಂದು ಹೆಜ್ಜೆ ಮುಂದಿದ್ದಾರೆ. ಪದಾರ್ಥದ ರೂಪು ಇಷ್ಟಲಿಂಗಕ್ಕೆ, ರುಚಿ ಪ್ರಾಣಲಿಂಗಕ್ಕೆ, ತೃಪ್ತಿ ಭಾವಲಿಂಗಕ್ಕೆ ಅರ್ಪಿತವೆಂದ ಮೇಲೆ ರುಚಿಯನ್ನು ಹೀಗಳೆಯಲು ಎಡೆಯೇ ಉಳಿಯುವುದಿಲ್ಲ. ರೂಪಿನಿಂದ ತೃಪ್ತಿಗೆ ಹೋಗುವ ದಾರಿ ರುಚಿಯ ಮೂಲಕವೇ ಹಾದುಹೋಗುತ್ತದೆ.

ಎಚ್.ಡಿ. ಕೋಟೆ ಮತ್ತು ಹುಣಸೂರಿನ ಹಾಡಿಗಳಲ್ಲಿ ಪ್ರಶ್ನೆ ಬೇರೆ ರೂಪ ತಳೆಯುತ್ತದೆ. ಕಾಡುಗೆಡ್ಡೆ, ಕಾಡುಸೊಪ್ಪು, ಜೇನು, ಸಣ್ಣ ಬೇಟೆಗಳ ಮೇಲೆ ಬದುಕಿದ್ದ ಜೇನುಕುರುಬರಿಗೂ ಬೆಟ್ಟಕುರುಬರಿಗೂ 1972ರ ವನ್ಯಜೀವಿ ಕಾಯಿದೆ ಬೇಟೆಯನ್ನು ನಿಲ್ಲಿಸಿತು, ನಾಗರಹೊಳೆಯಿಂದ ನಾಗಾಪುರದಂಥ ಪುನರ್ವಸತಿ ಕೇಂದ್ರಗಳಿಗೆ ಬಂದವರಿಗೆ ಕಾಡಿನ ಉಳಿದ ತಿನಿಸೂ ದೂರವಾಯಿತು, ಪಡಿತರದ ಅಕ್ಕಿ ಮುಖ್ಯ ಊಟವಾಯಿತು. ಇಲ್ಲಿ ಮಗು ಕೊಟ್ಟದ್ದನ್ನು ಒಲ್ಲೆನೆಂದರೆ ಅದನ್ನು ನಾಲಿಗೆಯ ದೋಷವೆನ್ನುವ ಮೊದಲು, ಆ ನಾಲಿಗೆ ಬಲ್ಲ ಆಹಾರ ಎಲ್ಲಿಗೆ ಹೋಯಿತೆಂದು ಕೇಳುವುದು ನ್ಯಾಯ. ಇನ್ನೂ ಒಂದು ತೊಡಕಿದೆ. ನೀಲಗಿರಿ, ವಯನಾಡು ಮತ್ತು ಈ ಕಾಡಂಚಿನ ಬುಡಕಟ್ಟುಗಳಲ್ಲಿ ಸಿಕಲ್ ಸೆಲ್ ಎಂಬ, ಕೆಂಪುಕಣಗಳು ಕುಡುಗೋಲಿನಂತೆ ಬಾಗುವ ವಂಶಪಾರಂಪರ್ಯದ ರಕ್ತರೋಗ ಕಾಣಿಸಿಕೊಳ್ಳುತ್ತದೆ. ಅದರ ನಿರ್ಮೂಲನೆಗಾಗಿ ಕೇಂದ್ರ ಸರ್ಕಾರ 2023ರ ಜುಲೈಯಲ್ಲಿ ರಾಷ್ಟ್ರೀಯ ಅಭಿಯಾನವನ್ನು ಆರಂಭಿಸಿತು. ಈ ರೋಗದಿಂದ ಬಿಳಿಚಿಕೊಂಡ ಮೈಗೆ ಕಬ್ಬಿಣದ ಮಾತ್ರೆ ಮದ್ದಲ್ಲ, ಪದೇಪದೇ ರಕ್ತ ಕೊಡಿಸಿಕೊಂಡವರ ದೇಹದಲ್ಲಂತೂ ಕಬ್ಬಿಣ ಹೆಚ್ಚಾಗಿ ಶೇಖರವಾಗಿ ಹಾನಿ ಮಾಡಬಲ್ಲದು. ಆದ್ದರಿಂದ ಹಾಡಿಯ ಮಗುವಿನ ಮುಂದೆ ಕಬ್ಬಿಣದ ಮಾತ್ರೆಯನ್ನಿಡುವವರು ಮೊದಲು ಅದರ ರಕ್ತಪರೀಕ್ಷೆ ಮಾಡಿಸಬೇಕಾಗುತ್ತದೆ.