ತಾಳುವುದೆಲ್ಲ ತಾಳ್ಮೆಯೇ?

'ತಾಳಿದವನು ಬಾಳಿಯಾನು' ಎಂದರು ಹಿರಿಯರು. ಯಾವುದನ್ನು ತಾಳಬೇಕು, ಎಷ್ಟು ದಿನ ತಾಳಬೇಕು ಎಂಬ ಲೆಕ್ಕವನ್ನು ಮಾತ್ರ ನಮಗೇ ಬಿಟ್ಟರು. ಬುದ್ಧಿಹಲ್ಲು ನೋಯತೊಡಗಿದಾಗ ಆ ಲೆಕ್ಕ ಹಾಕಲೇಬೇಕಾಗುತ್ತದೆ.

ಸಾಮಾನ್ಯವಾಗಿ 17ರಿಂದ 25ರ ವಯಸ್ಸಿನೊಳಗೆ, ಉಳಿದ ಹಲ್ಲುಗಳೆಲ್ಲ ಜಾಗ ಹಿಡಿದು ಕುಳಿತ ಮೇಲೆ, ತುಂಬಿದ ಬಸ್ಸಿಗೆ ಕೊನೆಯಲ್ಲಿ ಓಡಿಬಂದವನಂತೆ ಇದು ಬರುತ್ತದೆ. ಜಾಗ ಸಾಲದಿದ್ದರೆ ಓರೆಯಾಗಿ ನಿಲ್ಲುತ್ತದೆ. ಅದರ ಮೇಲಿನ ಒಸಡಿನ ಸಂದಿಗೆ ಅನ್ನದ ಅಗುಳು ಸೇರಿ ಕೊಳೆತು ಕೀವಾಗುತ್ತದೆ. ಬಾಯಿ ತೆರೆಯುವುದೂ ಕಷ್ಟ, ನುಂಗುವುದೂ ಕಷ್ಟ.

ಶ್ರೀನಿವಾಸಪುರದ ಮಾವಿನ ಮಂಡಿಗಳಲ್ಲಿ ಕೆನ್ನೆ ಊದಿದ್ದರೂ ದುಡಿಯುವವರನ್ನು ಕಂಡಿದ್ದೇನೆ. ದವಡೆಯಲ್ಲೊಂದು ಲವಂಗ. ಕೇಳಿದರೆ, "ಸುಗ್ಗಿ ಮುಗೀಲಿ ಸಾಮಿ, ಆಮೇಲೆ ನೋಡಾಣ" ಎನ್ನುತ್ತಾರೆ. ಇದನ್ನು ಸಹನೆಯೆಂದು ಹೊಗಳುವುದು ಸುಲಭ. ಆದರೆ ಒಂದು ದಿನದ ಕೂಲಿ ತಪ್ಪಿದರೆ ಒಲೆ ಉರಿಯದವನಿಗೆ ಬೇರೆ ದಾರಿಯೆಲ್ಲಿದೆ? ಮನೆಯ ಹೆಂಗಸರ ನೋವೂ ಹೀಗೆಯೇ. ಎಲ್ಲರ ಊಟ ಮುಗಿದ ಮೇಲೆ ಅದರ ಸರದಿ. ಇನ್ನೊಬ್ಬರ ತಾಳ್ಮೆಯನ್ನು ಕೊಂಡಾಡುವವರು, ಅದರಿಂದ ತಮಗೆಷ್ಟು ಅನುಕೂಲವೆಂದು ಒಮ್ಮೆ ನೋಡಿಕೊಳ್ಳಬೇಕು.

ಲವಂಗದ ಯೂಜಿನಾಲ್ ನೋವನ್ನು ಮಂಕಾಗಿಸುತ್ತದೆ. ಉಪ್ಪು ಹಾಕಿದ ಬಿಸಿನೀರು ಸಂದಿಯನ್ನು ತೊಳೆಯುತ್ತದೆ. ಓರೆ ಹಲ್ಲನ್ನು ಎರಡೂ ನೆಟ್ಟಗೆ ಮಾಡಲಾರವು. ಜ್ವರ ಬಂದು, ಬಾವು ದವಡೆಯ ಕೆಳಗಿಳಿದರೆ ಉಸಿರಿಗೇ ಕುತ್ತು. ಅಲ್ಲಿ ತಾಳುವುದು ಗುಣವಲ್ಲ.

ಹಾಗೆಂದು ಬುದ್ಧಿಹಲ್ಲನ್ನೆಲ್ಲ ಕೀಳಿಸಬೇಕೇ? ರೋಗವಿಲ್ಲದೆ ಹುದುಗಿರುವ ಹಲ್ಲನ್ನು ಬರೀ ಮುಂಜಾಗ್ರತೆಗಾಗಿ ಕೀಳಬಾರದೆಂದು, ಚಿಕಿತ್ಸಾಕ್ರಮಗಳ ಬಗ್ಗೆ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2000ರಲ್ಲಿ ಹೇಳಿತು. ಕೆಳದವಡೆಯಲ್ಲಿ ಅದರ ಬೇರಿನ ಬಳಿಯೇ ತುಟಿಗೆ ಸ್ಪರ್ಶ ಕೊಡುವ ನರ ಹಾಯುತ್ತದೆ. ಪೆಟ್ಟಾದರೆ ತುಟಿ ಜೋಮು ಹಿಡಿಯಬಹುದು. ಎಕ್ಸ್‌-ರೇ ನೋಡಿಯೇ ಡಾಕ್ಟರು ಕೈ ಹಾಕುವುದು ಅದಕ್ಕೆ. ಸುಮ್ಮನಿರುವುದನ್ನು ಭಯದಿಂದ ಕೀಳಿಸುವುದೂ ಅವಿವೇಕ, ಕೊಳೆಯುತ್ತಿರುವುದನ್ನು ರೂಢಿಯಿಂದ ಉಳಿಸಿಕೊಳ್ಳುವುದೂ ಅವಿವೇಕ.

ಮನುಷ್ಯರಂತೆ ಊರುಗಳೂ ತಾಳುತ್ತವೆ. ಕುಡಿಯುವ ನೀರಿನ ಫ್ಲೋರೈಡು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಕೋಲಾರ ಜಿಲ್ಲೆಯ ಎಷ್ಟೋ ಕೊಳವೆಬಾವಿಗಳಲ್ಲಿ ಅದು ಮೀರಿ, ಮಕ್ಕಳ ಹಲ್ಲಿಗೆ ಕಂದು ಕಲೆ ಕೂತಿದೆ. "ನಮ್ಮ ಕಡೆ ನೀರೇ ಹಂಗೆ" ಎಂದು ಸುಮ್ಮನಾದರೆ ಅದನ್ನು ಯಾವ ಗಾದೆಯೂ ಸಮರ್ಥಿಸದು.

ಗಾದೆ ಸುಳ್ಳಲ್ಲ. ವಾಸಿಯಾಗದ ನೋವಿಗೆ ಅದು ಊರುಗೋಲು. ವಾಸಿಯಾಗುವ ನೋವಿನವರ ಮುಂದೆ ಅದನ್ನು ಹೇಳಿದರೆ, ಅವರ ಜೊತೆ ಆಸ್ಪತ್ರೆಯವರೆಗೆ ಹೋಗುವ ಕೆಲಸವನ್ನು ನಾವು ತಪ್ಪಿಸಿಕೊಂಡಂತೆ, ಅಷ್ಟೆ.