ಸ್ಯಮಂತಕದ ಕಥೆಯೂ ನಮ್ಮ ಬೀದಿಯ ಮಾತೂ



ಭಾದ್ರಪದ ಶುಕ್ಲ ಚತುರ್ಥಿಯಂದು ಚಂದ್ರನನ್ನು ನೋಡಿದವರಿಗೆ ಮಿಥ್ಯಾಪವಾದ ತಪ್ಪದೆಂಬ ನಂಬಿಕೆ ನಮ್ಮ ಮನೆಗಳಲ್ಲಿ ಹಿರಿಯರ ಕಾಲದಿಂದಲೂ ಉಂಟು. ಅಂದು ಸಂಜೆ ರಾಜಾಜಿನಗರದ ಮಹಡಿಗಳ ಮೇಲೆ ಒಣಗಿದ ಬಟ್ಟೆ ತರಲು ಹೋದವರು ಸಹ ತಲೆ ತಗ್ಗಿಸಿಯೇ ಇಳಿದುಬರುವರು. ಅಕಸ್ಮಾತ್ ಕಣ್ಣಿಗೆ ಬಿದ್ದರೆ ಸ್ಯಮಂತಕೋಪಾಖ್ಯಾನವನ್ನು ಕೇಳಿ ಸಮಾಧಾನ ಹೊಂದುವೆವು. ತಮ್ಮ ಮೇಲೆ ಅಪವಾದ ಬಾರದಿರಲೆಂದು ಇಷ್ಟು ಎಚ್ಚರ ವಹಿಸುವ ನಾವು, ನಮ್ಮ ಬಾಯಿಂದ ಅನ್ಯರ ಮೇಲೆ ಅಪವಾದ ಹೊರಡದಿರಲೆಂದು ಯಾವ ತಿಥಿಯಲ್ಲಿ ತಲೆ ತಗ್ಗಿಸುವೆವು?

ಶ್ರೀಮದ್ಭಾಗವತದ ದಶಮಸ್ಕಂಧದ ಈ ಕಥೆಯನ್ನು ತಾವೆಲ್ಲರೂ ಬಲ್ಲಿರಿ. ಮಣಿಯನ್ನು ಧರಿಸಿ ಬೇಟೆಗೆ ಹೋದ ಪ್ರಸೇನನು ಹಿಂದಿರುಗಲಿಲ್ಲ. ಅವನ ಸೋದರನಾದ ಸತ್ರಾಜಿತನು ಕೃಷ್ಣನೇ ಕೊಂದನೆಂದು ನಿಶ್ಚಯವಾಗಿ ಹೇಳಲಿಲ್ಲ. ಪ್ರಾಯಶಃ ಕೊಂದಿರಬಹುದು ಎಂದನು, ಅಷ್ಟೇ. ಆ 'ಪ್ರಾಯಶಃ' ಎಂಬುದು ದ್ವಾರಕೆಯಲ್ಲಿ ಕಿವಿಯಿಂದ ಕಿವಿಗೆ ಸಾಗುವಾಗ ಎಲ್ಲಿ ಉದುರಿಹೋಯಿತೋ! ನಿರ್ದೋಷನೂ ಗುಣಪೂರ್ಣನೂ ಆದ ಸ್ವಾಮಿಯು ಇದಕ್ಕೆ ಬಾಯಿಮಾತಿನ ಉತ್ತರ ಕೊಡಲಿಲ್ಲ. ಪುರಜನರನ್ನೇ ಜೊತೆಗೆ ಕರೆದುಕೊಂಡು ಕಾಡಿಗೆ ಹೋದನು. ಪ್ರಸೇನನು ಸತ್ತುಬಿದ್ದ ಸ್ಥಳವನ್ನೂ, ಅವನನ್ನು ಕೊಂದ ಸಿಂಹವು ಸತ್ತುಬಿದ್ದ ಸ್ಥಳವನ್ನೂ ಅವರು ಕಣ್ಣಾರೆ ಕಂಡರು. ಜಾಂಬವಂತನ ಗುಹೆಯ ಹೊರಗೆ 12 ದಿನ ಕಾದು, ಸ್ವಾಮಿಯು ಬಾರದಿರಲು ಊರಿಗೆ ಮರಳಿದರು. ಆಗ ದ್ವಾರಕೆಯ ಜನರು ಸತ್ರಾಜಿತನನ್ನು ಶಪಿಸಿದರಂತೆ. ಪಿಸುಗುಟ್ಟಿದ ಊರೇ ಶಪಿಸಿತೆಂಬುದನ್ನು ಗಮನಿಸಬೇಕು. ಮುಂದೆ ರಾಜಸಭೆಯಲ್ಲಿ ಮಣಿಯು ಕೈಸೇರಿದಾಗ ನಾಚಿ ಪಶ್ಚಾತ್ತಾಪಪಟ್ಟವನು ಸತ್ರಾಜಿತನು. ಊರವರು ಪಶ್ಚಾತ್ತಾಪಪಟ್ಟರೆಂದು ಆ ಕಥೆಯಲ್ಲಿ ನಮಗೆ ಕಾಣದು.

ಇದು ದ್ವಾಪರದ ಮಾತಾಯಿತು. 2012ರ ಆಗಸ್ಟ್ ತಿಂಗಳಿನಲ್ಲಿ, ಈಶಾನ್ಯ ರಾಜ್ಯದವರ ಮೇಲೆ ಹಲ್ಲೆ ನಡೆಯಲಿದೆಯೆಂಬ ಗಾಳಿಸುದ್ದಿಗೆ ಹೆದರಿ ಸಾವಿರಾರು ಜನರು ಗಂಟುಮೂಟೆಗಳೊಡನೆ ನಮ್ಮ ನಗರದ ರೈಲ್ವೆ ನಿಲ್ದಾಣದಲ್ಲಿ ನೆರೆದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. 2018ರ ಮೇ 23ರಂದು, ರಾಜಸ್ಥಾನದಿಂದ ಕೆಲಸವನ್ನರಸಿ ಬಂದಿದ್ದ ತರುಣನೊಬ್ಬನನ್ನು ಮಕ್ಕಳ ಕಳ್ಳನೆಂದು ಭಾವಿಸಿ ಚಾಮರಾಜಪೇಟೆಯಲ್ಲಿ ಜನರು ಹೊಡೆದು ಕೊಂದರು. ಅದಕ್ಕೆ ಮುನ್ನ ಕೆಲವು ದಿನಗಳಿಂದ ವಾಟ್ಸಾಪಿನಲ್ಲಿ ಮಕ್ಕಳ ಕಳ್ಳರ ಸುದ್ದಿ ಹರಿದಾಡುತ್ತಿದ್ದಿತು. ಆ ಸುದ್ದಿಯನ್ನು ಮುಂದೆ ಕಳುಹಿಸಿದವರಲ್ಲಿ ಎಷ್ಟೋ ಮಂದಿ ಇರುವೆಯನ್ನೂ ತುಳಿಯಲಂಜುವ ಗೃಹಸ್ಥರೇ ಇದ್ದಿರಬೇಕು. 'ನಮಗೆ ಬಂದದ್ದನ್ನು ಕಳುಹಿಸಿದೆವು' ಎನ್ನುವುದು ಈಗಿನ ಕಾಲದ 'ಪ್ರಾಯಶಃ'.

ಅನ್ಯರನ್ನು ಹೇಳಿ ನಮ್ಮನ್ನು ಬಿಡುವುದು ಸರಿಯಲ್ಲ. ನಮ್ಮ ತಂದೆಯವರು ಅರ್ಚಕರಾಗಿದ್ದ ಸಣ್ಣ ಗುಡಿಯಲ್ಲಿ ಒಮ್ಮೆ ಬೆಳ್ಳಿಯ ಉದ್ಧರಣೆಯೊಂದು ಕಾಣದಾಯಿತು. ಪರಿಚಾರಕನಾಗಿದ್ದ ಹುಡುಗನು ಬಡವ, ಹೊರಗಿನ ಊರಿನವನು. ಆಗ ಬಿ.ಎ. ಓದುತ್ತಿದ್ದ ನಾವು, ಅವನು ಕದ್ದನೆಂದು ಯಾರಲ್ಲಿಯೂ ಹೇಳಲಿಲ್ಲ. "ಒಳಗೆ ಇದ್ದವನು ಅವನೊಬ್ಬನೇ ಅಲ್ಲವೇ?" ಎಂದು ಪ್ರಸಾದಕ್ಕೆ ನಿಂತಿದ್ದ ಇಬ್ಬರನ್ನು ಕೇಳಿದೆವು, ಅಷ್ಟೇ. ವಾರ ಕಳೆಯುವುದರೊಳಗೆ, ಅವನು ಕೈಯಲ್ಲಿ ತೀರ್ಥ ಹಿಡಿದು ಬಂದರೆ ಕೆಲವರು ಕೈಯೊಡ್ಡದೆ ನಿಲ್ಲತೊಡಗಿದರು. ಅವನು ಯಾರಿಗೂ ಹೇಳದೆ ಊರಿಗೆ ಹೊರಟುಹೋದನು. ತಿಂಗಳ ಮೇಲೆ ಗಂಧ ತೇಯುವ ಸಾಣೆಕಲ್ಲಿನ ಮಣೆಯನ್ನು ಎತ್ತಿ ತೊಳೆಯುವಾಗ, ಅದರಡಿಯಲ್ಲಿ ಉದ್ಧರಣೆಯು ದೊರೆಯಿತು.

ನಮ್ಮ ತಂದೆಯವರು ಮರುದಿನವೇ ನಮ್ಮನ್ನು ಕರೆದುಕೊಂಡು ಬಸ್ಸಿನಲ್ಲಿ ಆ ಹುಡುಗನ ಊರಿಗೆ ಹೊರಟರು. ದಾರಿಯುದ್ದಕ್ಕೂ ಒಂದು ಮಾತನ್ನೂ ಆಡಲಿಲ್ಲ. ಹುಡುಗನು ಕಾಲಿಗೆ ನೀರು ಕೊಟ್ಟು, ಚಾಪೆ ಹಾಸಿ ಕೂರಿಸಿದನು. ತಪ್ಪಾಯಿತೆಂದು ನಾವು ಹೇಳಿದ್ದನ್ನು ತಲೆ ತಗ್ಗಿಸಿ ಕೇಳಿದನು. ಬಳಿಕ ತಂದೆಯವರ ಕಡೆ ತಿರುಗಿ, "ಬೀದಿಯವರಿಗೂ ಹೇಳಿದಿರಾ, ಆಚಾರ್ಯರೇ?" ಎಂದು ಮೆಲ್ಲನೆ ಕೇಳಿದನು.

ಹಿಂದಿರುಗಿದ ಮೇಲೆ ತಂದೆಯವರು ಮಂಗಳಾರತಿಯ ಹೊತ್ತಿನಲ್ಲಿ ಉದ್ಧರಣೆಯನ್ನು ಎತ್ತಿ ತೋರಿಸಿ ನಡೆದುದನ್ನು ಹೇಳಿದರು. ಅಂದು ಬಂದಿದ್ದವರು ಒಂಬತ್ತು ಮಂದಿ. ನಾವು ಅನಂತರ ಮನೆಮನೆಗೆ ಹೋಗಿ ಹೇಳಿದೆವು. ಆದರೆ ಅಷ್ಟರಲ್ಲಿ ಆ ಬೀದಿಯ ಎರಡು ಸಂಸಾರಗಳು ಮನೆ ಬದಲಿಸಿ ಕೆಂಗೇರಿಯ ಕಡೆಗೆ ಹೋಗಿದ್ದವು. ಅವರ ವಿಳಾಸ ನಮಗೆ ಇಂದಿಗೂ ದೊರೆತಿಲ್ಲ.